ಪಾರ್ಕ್‌ರನ್‌ಗೆ ಹೊಸಬರೇ? ಮೊದಲು ಜಾಕೆಟ್ ಹಾಕಿ, ಆಮೇಲೆ ಓಡಿ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಶನಿವಾರ ಬೆಳಿಗ್ಗೆ ಅಂದರೆ ನನಗೆ ದೋಸೆ, ಬಟ್ಟೆ ಒಗೆಯುವುದು, ಊರಿಗೆ ಫೋನು, ಅಷ್ಟೇ. ಅಡುಗೆಮನೆ ಕಿಟಕಿಯಿಂದ ಎದುರಿನ ಪಾರ್ಕ್ ಕಾಣುತ್ತಿತ್ತು. ಒಂಬತ್ತು ಗಂಟೆ ಹೊತ್ತಿಗೆ ಅಲ್ಲಿ ಜನ ಸೇರುತ್ತಿದ್ದರು. ಜನವರಿ ಚಳಿಯಲ್ಲೂ ಚಡ್ಡಿ ಹಾಕಿಕೊಂಡು, ಮಕ್ಕಳು, ಮುದುಕರು, ನಾಯಿಗಳು ಎಲ್ಲ ಸೇರಿ ಓಡುತ್ತಿದ್ದರು. ಯಾವುದೋ ಸ್ಪರ್ಧೆ ಇರಬೇಕು, ನಮಗಲ್ಲ ಬಿಡು ಅಂದುಕೊಂಡು ಎರಡು ವರ್ಷ ಕಿಟಕಿಯಲ್ಲೇ ನಿಂತು ನೋಡಿದೆ. ಅದು ಸ್ಪರ್ಧೆಯೇ ಅಲ್ಲ, ದುಡ್ಡೂ ಕೊಡಬೇಕಿಲ್ಲ, ಓಡಲು ಬರದಿದ್ದರೂ ಹೋಗಬಹುದು ಅಂತ ಯಾರಾದರೂ ಕನ್ನಡದಲ್ಲಿ ಒಂದು ಪುಟ ಬರೆದಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಾರ್ಕ್‌ರನ್ ಅಂದರೆ ಪ್ರತಿ ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ 5 ಕಿಲೋಮೀಟರ್ ಓಟ. ಓಟ ಅಂತ ಹೆಸರು, ಆದರೆ ನಡೆಯುವವರೂ ಬೇಕಾದಷ್ಟು ಜನ ಇರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 9 ಗಂಟೆಗೆ ಶುರು, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 9:30ಕ್ಕೆ. ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಇನ್ನೂ ಬೇಗ ಏಳಬೇಕು, ಅಲ್ಲಿ ಸಾಮಾನ್ಯವಾಗಿ 7 ಅಥವಾ 8ಕ್ಕೇ ಹೊರಟುಬಿಡುತ್ತಾರೆ. ಇದು ಹುಟ್ಟಿದ್ದು 2004ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿಯ ದಿನ, ಲಂಡನ್ನಿನ ಬುಶಿ ಪಾರ್ಕಿನಲ್ಲಿ. ಅವತ್ತು ಓಡಿದವರು 13 ಜನ, ನಿಂತು ಕೆಲಸ ಮಾಡಿದವರು 5 ಜನ. ಶುರು ಮಾಡಿದ ಪಾಲ್ ಸಿಂಟನ್-ಹ್ಯೂಯಿಟ್ ಅವರಿಗೆ ಗಾಯವಾಗಿತ್ತು, ಓಡುವ ಹಾಗಿರಲಿಲ್ಲ. ಗೆಳೆಯರನ್ನಾದರೂ ವಾರಕ್ಕೊಮ್ಮೆ ನೋಡಬಹುದು ಅಂತ ಗಡಿಯಾರ ಹಿಡಿದು ನಿಂತರು. ಅಂದರೆ ಇಷ್ಟು ದೊಡ್ಡದಾದ ಈ ಓಟವನ್ನು ಕಟ್ಟಿದವರು ಅವತ್ತು ಓಡಲೇ ಇಲ್ಲ. ನಾನು ಹೊಸಬರಿಗೆಲ್ಲ ಹೇಳುವುದೂ ಅದನ್ನೇ: ಮೊದಲ ವಾರ ಓಡಬೇಡಿ, ವಾಲಂಟಿಯರ್ ಆಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದುಡ್ಡಿನ ವಿಷಯ ಇಲ್ಲೇ ಮುಗಿಸಿಬಿಡೋಣ, ಯಾಕೆಂದರೆ ನಮ್ಮವರು ಮೊದಲು ಕೇಳುವುದೇ ಅದು. ಫ್ರೀ. ಮೊದಲ ಸಲ ಫ್ರೀ, ಆಮೇಲೆ ತಿಂಗಳಿಗಿಷ್ಟು ಅನ್ನುವ ಜಿಮ್ ಲೆಕ್ಕ ಅಲ್ಲ, ಯಾವತ್ತೂ ಫ್ರೀ. 2016ರಲ್ಲಿ ಬ್ರಿಸ್ಟಲ್ ಹತ್ತಿರದ ಲಿಟಲ್ ಸ್ಟೋಕ್‌ನಲ್ಲಿ ಅಲ್ಲಿನ ಪ್ಯಾರಿಶ್ ಕೌನ್ಸಿಲ್ (ನಮ್ಮ ಪಂಚಾಯಿತಿ ಇದ್ದ ಹಾಗೆ) ಪಾರ್ಕ್ ಬಳಸಲು ಶುಲ್ಕ ಕೊಡಿ ಅಂತ ತೀರ್ಮಾನ ಮಾಡಿತು. ಪಾರ್ಕ್‌ರನ್‌ನವರು ದುಡ್ಡು ಎತ್ತಲು ಹೋಗಲಿಲ್ಲ, ಅಲ್ಲಿ ಓಟವನ್ನೇ ನಿಲ್ಲಿಸಿದರು. ಬೆಂಗಳೂರಿನ ದೊಡ್ಡ 10ಕೆ ಓಟಗಳಿಗೆ ದುಡ್ಡು ಕಟ್ಟಿ, ಹಿಂದಿನ ದಿನ ಟ್ರಾಫಿಕ್ಕಿನಲ್ಲಿ ಹೋಗಿ ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ತಂದು, ಮೆಡಲ್ ಹಾಕಿಕೊಂಡು ಫೋಟೋ ತೆಗೆಸಿಕೊಂಡು ರೂಢಿ ಇರುವವರಿಗೆ ಇಲ್ಲಿ ಸ್ವಲ್ಪ ಬೇಜಾರಾಗಬಹುದು. ಬಿಬ್ ಇಲ್ಲ, ಮೆಡಲ್ ಇಲ್ಲ. ಮುಗಿಸಿದ ಮೇಲೆ ಕೈಗೆ ಬರುವುದು ಒಂದು ಪ್ಲಾಸ್ಟಿಕ್ ಟೋಕನ್, ಅದನ್ನೂ ವಾಪಸ್ ಕೊಡಬೇಕು.

ನೋಂದಣಿ ಮತ್ತು ಬಾರ್‌ಕೋಡ್

ಪಾರ್ಕ್‌ರನ್ ವೆಬ್‌ಸೈಟಿನಲ್ಲಿ ಒಂದೇ ಒಂದು ಸಲ ಹೆಸರು ಕೊಡಬೇಕು. ಹತ್ತಿರದ ಪಾರ್ಕ್ ಯಾವುದು ಅಂತ ಕೇಳುತ್ತದೆ, ಒಂದನ್ನು ಆರಿಸಿ, ಆದರೆ ಅಲ್ಲೇ ಹೋಗಬೇಕು ಅಂತಿಲ್ಲ. ‘ಎ’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ, ಅದರ ಬಾರ್‌ಕೋಡ್ ಸಿಗುತ್ತದೆ. ಜೀವನಪೂರ್ತಿ ಅದೇ. ಕೆಲಸ ಬಿಟ್ಟು ಸಿಂಗಪುರಕ್ಕೆ ಹೋದರೂ, ಮಗಳ ಮನೆಗೆ ಅಂತ ಮೆಲ್ಬರ್ನ್‌ಗೆ ಹೋದರೂ ಅದೇ ಸಂಖ್ಯೆ ನಡೆಯುತ್ತದೆ. ಪಾಸ್‌ವರ್ಡ್ ಮರೆತು ಎರಡನೇ ಸಲ ನೋಂದಾಯಿಸುವ ತಪ್ಪು ಮಾತ್ರ ಮಾಡಬೇಡಿ, ನಿಮ್ಮ ಓಟಗಳೆಲ್ಲ ಎರಡು ಖಾತೆಗೆ ಹಂಚಿಹೋಗುತ್ತವೆ.

ಬಾರ್‌ಕೋಡ್ ಫೋನಿನಲ್ಲಿದ್ದರೂ ನಡೆಯುತ್ತದೆ. ಆದರೂ ಒಂದು ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಡಿ ಅನ್ನುವುದು ನನ್ನ ಮಾತು. ಮಳೆಯಲ್ಲಿ ನೆಂದ ಬೆರಳಿಗೆ ಫೋನ್ ತೆರೆಯುವುದಿಲ್ಲ, ಹಿಂದೆ ಇಪ್ಪತ್ತು ಜನ ಕ್ಯೂ ನಿಂತಿರುತ್ತಾರೆ, ನೀವು ಮೂತಿ ತೋರಿಸಿ, ಪಿನ್ ಒತ್ತಿ, ಫೋಟೋಗಳಲ್ಲಿ ಹುಡುಕಿ... ಬೇಡ ಆ ಪಾಡು. ಇನ್ನೊಂದು ಕಾರಣ ಇದೆ. ಆ ಕಾಗದದ ಮೇಲೆ ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಇರುತ್ತದೆ. ದಾರಿಯಲ್ಲಿ ತಲೆ ಸುತ್ತಿ ಬಿದ್ದರೆ ಲಾಕ್ ಆದ ಫೋನ್ ಯಾರಿಗೂ ಏನೂ ಹೇಳುವುದಿಲ್ಲ.

ಬಾರ್‌ಕೋಡ್ ಮರೆತು ಬಂದರೆ? ಓಡಬಹುದು, ಯಾರೂ ತಡೆಯುವುದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಜಾಗದಲ್ಲಿ ‘ಅನ್‌ನೋನ್’ ಅಂತ ಬರುತ್ತದೆ. ನಾನು ಮೊಟ್ಟಮೊದಲು ನಿಲ್ಲದೆ 5 ಕಿಲೋಮೀಟರ್ ಓಡಿದ ದಿನ ನನ್ನ ಹೆಸರು ಅನ್‌ನೋನ್. ಆ ಬಾರ್‌ಕೋಡ್ ಫ್ರಿಜ್ ಬಾಗಿಲ ಮೇಲೆ ಮ್ಯಾಗ್ನೆಟ್ ಕೆಳಗೆ ಹಾಯಾಗಿತ್ತು.

ಮೊದಲು ವಾಲಂಟಿಯರ್ ಯಾಕೆ

ಓಡುವವರ ಗುಂಪಿಗೆ ಒಬ್ಬರೇ ಹೋಗಿ ನಿಂತರೆ ಏನಾಗುತ್ತದೆ ಹೇಳಿ? ಎಲ್ಲರೂ ಅವರವರ ಗೆಳೆಯರ ಜೊತೆ ಮಾತಾಡುತ್ತಿರುತ್ತಾರೆ. ನೀವು ಮೂಲೆಯಲ್ಲಿ ಶೂ ಲೇಸ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತೀರಿ. ಓಡುತ್ತೀರಿ, ಏದುಸಿರು ಬಿಡುತ್ತೀರಿ, ಮನೆಗೆ ಬರುತ್ತೀರಿ. ಯಾರ ಹೆಸರೂ ಗೊತ್ತಾಗುವುದಿಲ್ಲ. ವಾಲಂಟಿಯರ್ ಆಗಿ ಹೋದರೆ ಹಾಗಲ್ಲ. ಹೋದ ಕೂಡಲೇ ಯಾರೋ ಹೆಸರು ಹಿಡಿದು ಕರೆದು, ಹೊಳೆಯುವ ಜಾಕೆಟ್ ಕೊಟ್ಟು, ಇಂಥ ಕಡೆ ನಿಲ್ಲಿ ಅನ್ನುತ್ತಾರೆ. ಮದುವೆ ಮನೆಗೆ ಪರಿಚಯ ಇಲ್ಲದವರು ಬಂದಾಗ ಕುರ್ಚಿ ಕೊಟ್ಟು ಕೂರಿಸಿದರೆ ಅವರು ಕೊನೆತನಕ ಅತಿಥಿಯೇ. ಕೈಗೆ ಸಾರಿನ ಬಕೆಟ್ ಕೊಟ್ಟು ಬಡಿಸಲು ಬಿಟ್ಟರೆ ಎರಡನೇ ಪಂಕ್ತಿ ಏಳುವುದರೊಳಗೆ ಮನೆಯವರಾಗುತ್ತಾರೆ. ಹಾಗೇ ಇದು. ಮೇಲಾಗಿ ಓಟ ಹೇಗೆ ನಡೆಯುತ್ತದೆ, ಕೊನೆಯಲ್ಲಿ ಬರುವವರಿಗೆ ಎಷ್ಟು ಹೊತ್ತಾಗುತ್ತದೆ ಅನ್ನುವುದನ್ನು ಒಮ್ಮೆ ನಿಂತು ನೋಡಿದರೆ ಭಯ ಅರ್ಧ ಹೋಗುತ್ತದೆ. ನನ್ನದಂತೂ ಹೋಯಿತು. 58 ನಿಮಿಷಕ್ಕೆ ನಗುನಗುತ್ತಾ ಬಂದು ಮುಗಿಸಿದ ಒಬ್ಬ ಅಜ್ಜಿಯನ್ನು ನೋಡಿದ ಮೇಲೆ, ನನಗೇನು ಧಾಡಿ ಅನಿಸಿತು.

ಹೆಸರು ಕೊಡುವುದು ಸುಲಭ. ನಿಮ್ಮ ಪಾರ್ಕಿನ ಪುಟದಲ್ಲಿ ವಾಲಂಟಿಯರ್ ಅನ್ನುವ ಭಾಗ ಇರುತ್ತದೆ, ಅಲ್ಲಿ ಮುಂದಿನ ವಾರಗಳ ರೋಸ್ಟರ್, ಅಂದರೆ ಯಾರಿಗೆ ಯಾವ ಕೆಲಸ ಅನ್ನುವ ಪಟ್ಟಿ ಕಾಣುತ್ತದೆ. ಖಾಲಿ ಇರುವ ಕೆಲಸ ನೋಡಿ ಅಲ್ಲೇ ಇರುವ ವಿಳಾಸಕ್ಕೆ ಇಮೇಲ್ ಹಾಕಿ: ಹೆಸರು, ಎ ಸಂಖ್ಯೆ, ಯಾವ ಶನಿವಾರ, ಮೊದಲ ಸಲ ಅನ್ನುವ ಒಂದು ಸಾಲು. ಬುಧವಾರದೊಳಗೆ ಹಾಕಿದರೆ ಅವರಿಗೂ ನೆಮ್ಮದಿ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ‘ಇನ್ನೂ ಮೂರು ಜನ ಬೇಕು’ ಅಂತ ಗೋಗರೆಯುವುದು ಪಾಪ ಎಲ್ಲ ಕಡೆ ಇದ್ದದ್ದೇ. ಒಪ್ಪಿಕೊಂಡ ಮೇಲೆ ಬರಲಾಗದಿದ್ದರೆ ದಯವಿಟ್ಟು ತಿಳಿಸಿ. ಓಡುವವರಲ್ಲಿ ಒಬ್ಬರು ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ತಿರುವಿನಲ್ಲಿ ನಿಲ್ಲಬೇಕಾದವರು ಬರದಿದ್ದರೆ ಮುನ್ನೂರು ಜನ ತಪ್ಪು ದಾರಿಗೆ ಹೋಗುತ್ತಾರೆ.

ಯಾವ ಕೆಲಸ ತಗೊಳ್ಳಬೇಕು

ಮೊದಲ ಸಲಕ್ಕೆ ಮಾರ್ಷಲ್ ಆಗಿ. ಒಂದು ತಿರುವಿನಲ್ಲಿ ನಿಂತು ದಾರಿ ತೋರಿಸುವುದು, ಚಪ್ಪಾಳೆ ತಟ್ಟುವುದು, ಯಾರಾದರೂ ಬಿದ್ದರೆ ರನ್ ಡೈರೆಕ್ಟರ್‌ಗೆ (ಆ ದಿನದ ಓಟ ನಡೆಸುವವರು) ತಿಳಿಸುವುದು. ಫೋನಿನಲ್ಲಿ ಅವರ ನಂಬರ್ ಮೊದಲೇ ಸೇವ್ ಮಾಡಿಕೊಳ್ಳಿ. ಕಷ್ಟ ಇರುವುದು ಚಳಿಯದ್ದು ಮಾತ್ರ. ಓಡುವವರಿಗೆ ಹತ್ತು ನಿಮಿಷಕ್ಕೆ ಮೈ ಬಿಸಿಯಾಗುತ್ತದೆ, ನೀವು ಒಂದು ಗಂಟೆ ಕಂಬದ ಹಾಗೆ ನಿಂತಿರುತ್ತೀರಿ. ಒಳಗೆ ಥರ್ಮಲ್, ಎರಡು ಜೊತೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಫ್ಲಾಸ್ಕಿನಲ್ಲಿ ಕಾಫಿ. ನಾಚಿಕೆ ಪಡಬೇಡಿ, ಊರಿಂದ ತಂದ ಮಂಕಿ ಕ್ಯಾಪ್ ಇದ್ದರೆ ಅದನ್ನೇ ಹಾಕಿ.

ಮಾರ್ಷಲ್ ಬಾಯಲ್ಲಿ ಬರಲೇಬಾರದ ಮಾತು ಒಂದಿದೆ: ‘ಇನ್ನೇನು ಬಂತು, ಸ್ವಲ್ಪವೇ ಇದೆ.’ ಎರಡು ಕಿಲೋಮೀಟರ್ ಬಾಕಿ ಇರುವವರಿಗೆ ಹಾಗೆ ಹೇಳಿದರೆ ಅವರು ಮನಸ್ಸಿನಲ್ಲೇ ನಿಮಗೆ ಶಾಪ ಹಾಕುತ್ತಾರೆ. ಎಷ್ಟು ಉಳಿದಿದೆ ಅಂತ ಗೊತ್ತಿದ್ದರೆ ಸರಿಯಾಗಿ ಹೇಳಿ, ಇಲ್ಲದಿದ್ದರೆ ಬರೀ ಶಭಾಷ್ ಅನ್ನಿ. ನಾನು ಒಮ್ಮೊಮ್ಮೆ ಕನ್ನಡದಲ್ಲೇ ‘ಬನ್ನಿ ಬನ್ನಿ, ಚೆನ್ನಾಗಿ ಓಡ್ತಿದ್ದೀರಿ’ ಅಂತ ಕೂಗುತ್ತೇನೆ, ಇಲ್ಲಿಯವರಿಗೆ ಅರ್ಥ ಆಗದಿದ್ದರೂ ನಗುತ್ತಾರೆ. ಒಂದು ಶನಿವಾರ ಹಾಗೆ ಕೂಗಿದ್ದಕ್ಕೆ ‘ಎಲ್ರೀ ಚೆನ್ನಾಗಿ, ಸಾಯ್ತಿದೀನಿ’ ಅಂತ ಉತ್ತರ ಬಂತು. ಹುಬ್ಬಳ್ಳಿಯವರು. ಅವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು, ಮೂರು ವರ್ಷದಿಂದ!

ಎರಡನೇ ಅಥವಾ ಮೂರನೇ ಸಲಕ್ಕೆ ಫಿನಿಶ್ ಹತ್ತಿರ ಬನ್ನಿ. ಅಲ್ಲಿನ ಲೆಕ್ಕ ಅರ್ಥವಾಗದೆ ತುಂಬ ಜನ ಗಾಬರಿಯಾಗುತ್ತಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೆರೆಯ ಹತ್ತಿರ ಟೈಮ್‌ಕೀಪರ್ ಇರುತ್ತಾರೆ, ಸಾಮಾನ್ಯವಾಗಿ ಇಬ್ಬರು, ಒಬ್ಬರದು ಕೆಟ್ಟರೆ ಇನ್ನೊಬ್ಬರದು ಇರಲಿ ಅಂತ. ಫೋನಿನಲ್ಲಿ ವಾಲಂಟಿಯರ್ ಆ್ಯಪ್ ತೆರೆದು, ಒಬ್ಬೊಬ್ಬರು ಗೆರೆ ದಾಟಿದಾಗಲೂ ಒಂದೊಂದು ಸಲ ಒತ್ತುತ್ತಾರೆ. ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ. 41ನೆಯವರು ಬಂದದ್ದು 27 ನಿಮಿಷ 10 ಸೆಕೆಂಡಿಗೆ, ಅಷ್ಟೇ ಗೊತ್ತು. ಗೆರೆ ದಾಟಿದವರು ಹಗ್ಗ ಕಟ್ಟಿದ ಒಂದು ಓಣಿಯಲ್ಲಿ, ಅದಕ್ಕೆ ಫನಲ್ ಅನ್ನುತ್ತಾರೆ, ಬಂದ ಸಾಲಿನಲ್ಲೇ ನಡೆದು ಮುಂದೆ ಬರುತ್ತಾರೆ. ಅಲ್ಲಿ ಇನ್ನೊಬ್ಬರು 41 ಅಂತ ಇರುವ ಟೋಕನ್ ಕೊಡುತ್ತಾರೆ, ದೇವಸ್ಥಾನದ ಹತ್ತಿರ ಚಪ್ಪಲಿ ಬಿಟ್ಟಾಗ ಕೊಡುತ್ತಾರಲ್ಲ ಹಾಗೆ. ಆಮೇಲೆ ಸ್ಕ್ಯಾನ್ ಮಾಡುವವರು ನಿಮ್ಮ ಬಾರ್‌ಕೋಡ್ ಮತ್ತು ಆ ಟೋಕನ್ ಎರಡನ್ನೂ ಸ್ಕ್ಯಾನ್ ಮಾಡುತ್ತಾರೆ. ಈಗ 41 ಅಂದರೆ ಯಾರು ಅಂತ ಸಿಕ್ಕಿತು, 41 ಅಂದರೆ ಎಷ್ಟು ಹೊತ್ತು ಅಂತ ಅಲ್ಲಿ ಸಿಕ್ಕಿತ್ತು, ಕಂಪ್ಯೂಟರ್ ಎರಡನ್ನೂ ಜೋಡಿಸುತ್ತದೆ. ಪಟ್ಟಿ ತಯಾರು.

ಅಂಗಿಗೆ ಗುಂಡಿ ಹಾಕುವಾಗ ಒಂದು ತಪ್ಪಿದರೆ ಕೊನೆತನಕ ತಪ್ಪುತ್ತದಲ್ಲ, ಇಲ್ಲೂ ಹಾಗೇ. 41ನೆಯವರು ‘ನನ್ನ ಹತ್ರ ಬಾರ್‌ಕೋಡ್ ಇಲ್ಲ, ಟೋಕನ್ ಯಾಕೆ’ ಅಂತ ಹಗ್ಗದ ಕೆಳಗೆ ತೂರಿ ಹೋದರು ಅನ್ನಿ. ಅವರ ಟೋಕನ್ ಹಿಂದಿನವರಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲರಿಗೂ ತಮ್ಮ ಮುಂದಿನವರ ಟೈಮ್. ಇದರಲ್ಲಿ ಒಂದು ತಮಾಷೆ ಇದೆ: ಎಲ್ಲರ ಟೈಮೂ ನಿಜಕ್ಕಿಂತ ಚೆನ್ನಾಗಿ ಬರುವುದರಿಂದ ಯಾರೂ ದೂರು ಕೊಡುವುದಿಲ್ಲ. ಆದರೆ ಟೈಮ್‌ಕೀಪರ್ ಒಂದು ಸಲ ಒತ್ತುವುದನ್ನು ಮರೆತರೆ ಎಲ್ಲರಿಗೂ ಹಿಂದಿನವರ ಟೈಮ್ ಬರುತ್ತದೆ, ಆಗ ನೋಡಿ ಇಮೇಲ್‌ಗಳ ಸುರಿಮಳೆ. ಹಾಗಾಗಿ ಓಡುವವರಿಗೂ ಹೇಳುವುದು ಇದೇ: ಬಾರ್‌ಕೋಡ್ ಇರಲಿ ಬಿಡಲಿ, ಗೆರೆ ದಾಟಿದ ಮೇಲೆ ಫನಲ್‌ನಲ್ಲಿ ಯಾರನ್ನೂ ಹಿಂದೆ ಹಾಕದೆ ನಡೆದು ಟೋಕನ್ ತಗೊಳ್ಳಿ, ಬೇಡದಿದ್ದರೆ ಸ್ಕ್ಯಾನ್ ಮಾಡುವವರ ಕೈಗೆ ಕೊಟ್ಟು ಹೋಗಿ. ಮೊದಲೇ ಮುಗಿಸಿ, ಮಗಳನ್ನು ಕರೆತರಲು ಹಿಂದಕ್ಕೆ ಓಡಿ ಹೋದ ಅಪ್ಪಂದಿರು ಎರಡನೇ ಸಲ ಗೆರೆ ದಾಟಬೇಡಿ, ಹಗ್ಗದ ಹೊರಗೇ ಉಳಿಯಿರಿ.

ಟೋಕನ್ ಹಂಚುವ ಕೆಲಸ ಸಣ್ಣದು ಅಂತ ಕಾಣುತ್ತದೆ. ಮಳೆಯಲ್ಲಿ ಟೋಕನ್‌ಗಳು ಒಂದಕ್ಕೊಂದು ಅಂಟಿಕೊಂಡಾಗ ಗೊತ್ತಾಗುತ್ತದೆ. ನನ್ನ ಮೊದಲ ದಿನ ಒಬ್ಬರ ಕೈಗೆ 112 ಮತ್ತು 113 ಎರಡನ್ನೂ ಕೊಟ್ಟುಬಿಟ್ಟೆ. ಗೊತ್ತಾದ ಮೇಲೆ ಏನು ಮಾಡಿದೆ? ಬಾಯಿ ಮುಚ್ಚಿಕೊಂಡಿದ್ದೆ. ಅದೇ ದೊಡ್ಡ ತಪ್ಪು. ಆ ದಿನ ಫಲಿತಾಂಶ ಹಾಕುವವರು ಊಟಕ್ಕೂ ಏಳದೆ ಮಧ್ಯಾಹ್ನದ ತನಕ ತಲೆ ಕೆಡಿಸಿಕೊಂಡರಂತೆ. ತಪ್ಪಾದರೆ ಕೂಡಲೇ ರನ್ ಡೈರೆಕ್ಟರ್‌ಗೆ ಹೇಳಿ, ಯಾವ ಸಂಖ್ಯೆ ಹತ್ತಿರ ಆಯಿತು ಅಂತ ಬರೆದಿಡಿ. ಯಾರೂ ಬೈಯುವುದಿಲ್ಲ, ಸಂಖ್ಯೆ ಗೊತ್ತಿದ್ದರೆ ಸರಿಪಡಿಸುವುದು ಎರಡು ನಿಮಿಷದ ಕೆಲಸ.

ಸ್ಕ್ಯಾನ್ ಮಾಡುವುದು ನನಗೆ ತುಂಬ ಇಷ್ಟ, ಯಾಕೆಂದರೆ ಎಲ್ಲರ ಮುಖ ನೋಡಬಹುದು. ಫೋನ್ ಪೂರ್ತಿ ಚಾರ್ಜ್ ಇರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬೆರಳ ತುದಿ ತೆರೆದಿರುವ ಕೈಗವಸು ಹಾಕಿ. ಎರಡೂ ಸ್ಕ್ಯಾನ್ ಆಗಿವೆ ಅಂತ ಪರದೆಯಲ್ಲಿ ನೋಡಿ ಖಾತ್ರಿ ಮಾಡಿಕೊಂಡ ಮೇಲೇ ಟೋಕನ್ ವಾಪಸ್ ಪಡೆಯಿರಿ. ಟೈಮ್‌ಕೀಪರ್ ಕೆಲಸ ಮಾತ್ರ ಮಾತುಗಾರರಿಗಲ್ಲ. ಪಕ್ಕದವರು ‘ವೀಕೆಂಡ್ ಏನು ಪ್ಲಾನ್’ ಅಂದಾಗ ತಲೆ ಎತ್ತಿದಿರೋ ಮೂರು ಜನ ದಾಟಿರುತ್ತಾರೆ. ಅಮ್ಮನ ಫೋನ್ ಆ ಹೊತ್ತಿಗೇ ಬರುತ್ತದೆ, ಭಾರತದಲ್ಲಿ ಆಗ ಮಧ್ಯಾಹ್ನ ನೋಡಿ. ಕರೆ ಬರದ ಹಾಗೆ ಮಾಡಿಟ್ಟುಕೊಳ್ಳಿ.

ಟೇಲ್ ವಾಕರ್ ಬಗ್ಗೆ ಹೇಳದಿದ್ದರೆ ಏನೂ ಹೇಳಿದ ಹಾಗಾಗುವುದಿಲ್ಲ. ಎಲ್ಲರಿಗಿಂತ ಹಿಂದೆ ಬರುವುದೇ ಇವರ ಕೆಲಸ. ಇವರು ಇರುವ ತನಕ ಬೇರೆ ಯಾರೂ ಕೊನೆಯವರಾಗುವುದಿಲ್ಲ. ಇವರು ದಾಟಿದ ಮೇಲೇ ಮಾರ್ಷಲ್‌ಗಳು ಜಾಗ ಬಿಡುವುದು, ಹಾಗಾಗಿ ನಡೆಯುತ್ತಾ ಬೋರ್ಡುಗಳನ್ನು ಎತ್ತಿಕೊಂಡು ಬರುತ್ತಾರೆ. 2022ರಿಂದ ಪಾರ್ಕ್‌ವಾಕರ್ ಅಂತ ಇನ್ನೊಂದು ಕೆಲಸ ಇದೆ, ನೀಲಿ ಜಾಕೆಟ್ ಹಾಕಿಕೊಂಡು ನಡೆಯುವವರ ಜೊತೆ ನಡೆಯುವುದು. ಇವೆರಡರಲ್ಲೂ ಒಂದು ಲಾಭ ಇದೆ: ವಾಲಂಟಿಯರ್ ಲೆಕ್ಕಕ್ಕೂ ಸೇರುತ್ತದೆ, ನಿಮ್ಮ 5 ಕಿಲೋಮೀಟರ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಬೇಗ ಹೋಗಿ ಬೋರ್ಡು, ಹಗ್ಗ, ಕೋನ್ ಇಡುವವರೂ ಆಮೇಲೆ ಓಡಬಹುದು. ರನ್ ಡೈರೆಕ್ಟರ್ ಆಗುವ ಆಸೆ ಇದ್ದರೆ ಒಂದು ವರ್ಷ ತಡೆಯಿರಿ, ಎಲ್ಲ ಕೆಲಸ ಮಾಡಿ ನೋಡಿ. ಹಿಮ ಗಟ್ಟಿಯಾಗಿ ದಾರಿ ಜಾರುತ್ತಿರುವಾಗ 8:30ಕ್ಕೆ ‘ಇವತ್ತು ಓಟ ಇಲ್ಲ’ ಅಂತ ಇನ್ನೂರು ಜನರಿಗೆ ಹೇಳುವ ಧೈರ್ಯ ಒಂದೇ ದಿನದಲ್ಲಿ ಬರುವಂಥದ್ದಲ್ಲ.

ಇನ್ನು ಓಡುವುದು

ಈಗ ಓಡಿ. ಅಥವಾ ನಡೆಯಿರಿ, ಅಥವಾ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ. ಏನೂ ಅಭ್ಯಾಸ ಇಲ್ಲದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರ ‘ಕೌಚ್ ಟು 5ಕೆ’ ಅನ್ನುವ ಓಟ ಕಲಿಸುವ ಕ್ರಮ ಇದೆ, ವಾರಕ್ಕೆ 3 ದಿನದಂತೆ 9 ವಾರ, ಆ್ಯಪ್ ಫ್ರೀ. ನಾನು ಅದನ್ನು 9 ವಾರದಲ್ಲಿ ಮುಗಿಸಲಿಲ್ಲ, 5ನೇ ವಾರವನ್ನೇ ನಾಲ್ಕು ಸಲ ಮಾಡಿದೆ. ಏನೂ ಆಗಲಿಲ್ಲ.

8:45ರ ಹೊತ್ತಿಗೆ ಅಲ್ಲಿರಿ, ಹೊಸಬರಿಗೆ ಅಂತಲೇ ಒಂದು ಸಣ್ಣ ಬ್ರೀಫಿಂಗ್ ಇರುತ್ತದೆ. ಅದು ಮುಗಿದ ಮೇಲೆ ಎಲ್ಲರಿಗೂ ಸೇರಿ ಇನ್ನೊಂದು. ಆ ಹೊತ್ತಿನಲ್ಲಿ ಮಾತಾಡಬೇಡಿ. ನಮ್ಮವರ ಬಗ್ಗೆ ನನಗೆ ಇರುವ ಒಂದೇ ತಕರಾರು ಇದು, ನಾಲ್ಕು ಜನ ಕನ್ನಡದವರು ಸಿಕ್ಕರೆ ರನ್ ಡೈರೆಕ್ಟರ್ ಮಾತು ಯಾರಿಗೂ ಕೇಳುವುದಿಲ್ಲ. ಶುರುವಿನಲ್ಲಿ ಹಿಂದೆ ನಿಲ್ಲಿ. ಮುಂದೆ ನಿಂತರೆ ಗುಂಪಿನ ಜೊತೆ ಹುಮ್ಮಸ್ಸಿನಲ್ಲಿ ಹಾರಿ, ಮೊದಲ ಕಿಲೋಮೀಟರಿಗೇ ಗ್ಯಾಸ್ ಖಾಲಿ. ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಬರಬೇಡಿ, ಒಂದು ಬಾಳೆಹಣ್ಣು ಸಾಕು, ತಿಂಡಿ ಆಮೇಲೆ. ಪಾರ್ಕ್ ನಮ್ಮೊಬ್ಬರದಲ್ಲ, ನಾಯಿ ಕರೆತಂದವರು, ಗಾಲಿಕುರ್ಚಿಯವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು ಬಂದರೆ ದಾರಿ ಬಿಡಿ. ನಿಮ್ಮದೇ ನಾಯಿ ಇದ್ದರೆ ಒಬ್ಬರಿಗೆ ಒಂದು, ಚಿಕ್ಕ ಹಗ್ಗ, ಅದೂ ಕೈಯಲ್ಲೇ ಹಿಡಿದಿರಬೇಕು, ಸೊಂಟಕ್ಕೆ ಕಟ್ಟಿಕೊಳ್ಳುವ ಹಾಗಿಲ್ಲ. 11 ವರ್ಷದ ಒಳಗಿನ ಮಕ್ಕಳು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಓಡಬೇಕು.

ಮಧ್ಯಾಹ್ನದ ಹೊತ್ತಿಗೆ ಇಮೇಲ್ ಬರುತ್ತದೆ. ಟೈಮ್, ಸ್ಥಾನ, ಜೊತೆಗೆ ಏಜ್ ಗ್ರೇಡ್ ಅಂತ ಒಂದು ಶೇಕಡಾ. ನಿಮ್ಮ ವಯಸ್ಸಿನವರ ಅತಿ ಒಳ್ಳೆಯ ಓಟಕ್ಕೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಅಂತ ಹೇಳುವ ಲೆಕ್ಕ ಅದು, ಐವತ್ತು ದಾಟಿದವರಿಗೆ ಸಮಾಧಾನ ಕೊಡುತ್ತದೆ. 2024ರಲ್ಲಿ ಪಾರ್ಕ್‌ರನ್‌ನವರು ವೇಗದ ದಾಖಲೆಗಳ ಪಟ್ಟಿಗಳನ್ನು ವೆಬ್‌ಸೈಟಿನಿಂದ ತೆಗೆದುಹಾಕಿದಾಗ ದೊಡ್ಡ ಗಲಾಟೆಯಾಯಿತು. ವೇಗವಾಗಿ ಓಡುವವರಿಗೆ ನೋವಾಗಿದ್ದು ನಿಜ. ನನಗಂತೂ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ, ಆ ಪಟ್ಟಿಯಲ್ಲಿ ನನ್ನ ಹೆಸರು ಬರುವ ಯೋಗ ಹೇಗೂ ಇರಲಿಲ್ಲ. ನನ್ನ ಕಣ್ಣಿರುವುದು ಟೀ ಶರ್ಟಿನ ಮೇಲೆ: 25 ಸಲ ಓಡಿದರೆ ನೇರಳೆ, 50ಕ್ಕೆ ಕೆಂಪು, 100ಕ್ಕೆ ಕಪ್ಪು, 250ಕ್ಕೆ ಹಸಿರು. ದುಡ್ಡು ಕೊಟ್ಟೇ ತಗೋಬೇಕು, ಆದರೂ ಅಷ್ಟು ಸಲ ಹೋಗದೆ ಹಾಕಿಕೊಳ್ಳುವುದು ಸರಿ ಅಲ್ಲ, ಅಲ್ವಾ. ವಾಲಂಟಿಯರ್ ಆದದ್ದಕ್ಕೂ ಬೇರೆಯೇ ಲೆಕ್ಕ, ಬೇರೆಯೇ ಶರ್ಟು. ಒಂದೇ ದಿನ ಮೂರು ಕೆಲಸ ಮಾಡಿದರೂ ಲೆಕ್ಕಕ್ಕೆ ಒಂದೇ.

ಊರಿಂದ ಅಪ್ಪ ಅಮ್ಮ ಬಂದಾಗ

ಆರು ತಿಂಗಳಿಗೆ ಅಂತ ಬರುತ್ತಾರೆ, ಮೂರನೇ ವಾರಕ್ಕೆ ‘ಇಲ್ಲಿ ಮನುಷ್ಯರ ಮುಖವೇ ಕಾಣಲ್ವಲ್ಲೇ’ ಶುರುವಾಗುತ್ತದೆ. ಅವರಿಗೂ ಒಂದು ಬಾರ್‌ಕೋಡ್ ಮಾಡಿಸಿ ಕರೆದುಕೊಂಡು ಹೋಗಿ. ನಡೆದರೆ ಸಾಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ‘ಈ ವಯಸ್ಸಲ್ಲಿ ಓಟ ಬೇರೆ’ ಅಂತ ಬಾಗಿಲಲ್ಲೇ ನಿಲ್ಲುತ್ತಾರೆ. ನಮ್ಮಮ್ಮ ಸೀರೆ, ಸ್ವೆಟರ್, ನನ್ನ ಹಳೇ ಶೂ ಹಾಕಿಕೊಂಡು ಬಂದಳು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಟೇಲ್ ವಾಕರ್ ಆಗಿದ್ದ ರಿಟೈರ್ಡ್ ಟೀಚರ್ ಜೊತೆ 5 ಕಿಲೋಮೀಟರ್ ಪೂರ್ತಿ ಮಾತಾಡಿಕೊಂಡು ಬಂದಳು. ಏನು ಮಾತಾಡಿದರು ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಮೊಮ್ಮಕ್ಕಳ ಫೋಟೋ ಅಂತೂ ನೋಡಿದ್ದಾರೆ. ಶುಗರ್, ಬಿಪಿ ಇರುವವರು ಡಾಕ್ಟರ್ ಕೇಳಿಕೊಂಡು ಬನ್ನಿ. ಇಲ್ಲಿನ ಜಿಪಿಗಳಿಗೆ (ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ) ಪಾರ್ಕ್‌ರನ್ ಹೊಸದಲ್ಲ, 2018ರಿಂದಲೇ ಜಿಪಿಗಳ ರಾಯಲ್ ಕಾಲೇಜು ಪಾರ್ಕ್‌ರನ್ ಜೊತೆ ಸೇರಿಕೊಂಡಿದೆ. ಹಾಗೆ ಸೇರಿದ ಕ್ಲಿನಿಕ್‌ಗಳು ಹತ್ತಿರದ ಓಟಕ್ಕೆ ಹೋಗಿ ಅಂತ ತಾವೇ ಹೇಳುತ್ತವೆ.

ಮಕ್ಕಳಿಗೆ ಭಾನುವಾರ. ಜೂನಿಯರ್ ಪಾರ್ಕ್‌ರನ್, 4ರಿಂದ 14 ವರ್ಷದವರಿಗೆ, 2 ಕಿಲೋಮೀಟರ್. ಹತ್ತು ಗಂಟೆಯೊಳಗೆ ಮುಗಿಯುತ್ತದೆ, ಕನ್ನಡ ಕಲಿ ಕ್ಲಾಸಿಗೂ ತಡವಾಗುವುದಿಲ್ಲ. ಅಲ್ಲಿ ವಾಲಂಟಿಯರ್‌ಗಳು ಶನಿವಾರಕ್ಕಿಂತ ಜಾಸ್ತಿ ಬೇಕು. ಐದು ವರ್ಷದ ಮಗು ನೇರ ಓಡುವುದಿಲ್ಲ, ಬಾತುಕೋಳಿ ಕಂಡ ಕಡೆ ಓಡುತ್ತದೆ.

ಊರಿನಲ್ಲಿದ್ದುಕೊಂಡು ಓದುತ್ತಿರುವವರು, ನಮ್ಮ ಬಡಾವಣೆಯಲ್ಲೂ ಹೀಗೊಂದು ಮಾಡಬಹುದಾ ಅಂತ ಕೇಳಿದರೆ, ಪಾರ್ಕ್‌ರನ್ ಅನ್ನುವ ಹೆಸರು ಅವರದ್ದು, ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಆದರೆ ಸ್ಟಾಪ್‌ವಾಚ್, ಸಾಲು, ಟೋಕನ್ ಅನ್ನುವ ಈ ಲೆಕ್ಕಕ್ಕೆ ಯಾರ ಅಪ್ಪಣೆಯೂ ಬೇಡ. ಫೋನಿನ ಸ್ಟಾಪ್‌ವಾಚಿನಲ್ಲಿ ಲ್ಯಾಪ್ ಬಟನ್ ಒತ್ತುವವರು ಒಬ್ಬರು, ರಟ್ಟಿನಲ್ಲಿ 1ರಿಂದ 60ರ ತನಕ ಬರೆದು ಹಂಚುವವರು ಒಬ್ಬರು, ಸಂಖ್ಯೆಯ ಮುಂದೆ ಹೆಸರು ಬರೆದುಕೊಳ್ಳುವವರು ಒಬ್ಬರು, ಕೊನೆಯಲ್ಲಿ ನಡೆಯುವವರು ಒಬ್ಬರು, ತಿರುವಿಗೊಬ್ಬರು. ಕೆರೆ ಏರಿ ಮೇಲಾದರೆ ಗಾಡಿಗಳ ಕಾಟವೂ ಇಲ್ಲ. ಪಾರ್ಕ್ ಅಥವಾ ಕೆರೆ ಯಾರ ವಶದಲ್ಲಿದೆಯೋ ಅವರ ಒಪ್ಪಿಗೆ ಮೊದಲೇ ಬರಹದಲ್ಲಿ ತಗೊಳ್ಳಿ. ಬಿಸಿಲು ಏರುವ ಮುಂಚೆ, 6 ಗಂಟೆಗೇ ಶುರು ಮಾಡಿ. ಮೊದಲ ವಾರ ಎಂಟು ಜನ ಬಂದರೂ ನಡೆಸಿ, ಬುಶಿ ಪಾರ್ಕಿನಲ್ಲಿ ಬಂದದ್ದೂ ಹದಿಮೂರೇ. ಬೀದಿನಾಯಿಗಳಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ.

ಕೊನೆಗೆ ಒಂದು. ಮನೆಗೆ ಬಂದು ಓಡಿದ ಪ್ಯಾಂಟನ್ನು ಮೆಷಿನ್‌ಗೆ ಹಾಕುವ ಮುಂಚೆ ಜೇಬು ನೋಡಿ. ಟೋಕನ್ ಇದ್ದರೆ ಮುಂದಿನ ಶನಿವಾರ ಮರೆಯದೆ ಕೊಡಿ, ಅದರ ಬದಲಿಗೆ ಅವರು ಹೊಸದು ಹುಡುಕಿ ಇಡಬೇಕು, ಇಲ್ಲದಿದ್ದರೆ ಅಂಗಿ ಗುಂಡಿಯ ಕಥೆ ಮತ್ತೆ ಶುರು. ನಮ್ಮ ಪಾರ್ಕಿನ 87 ಒಂದು ತಿಂಗಳು ನಮ್ಮ ಮನೆಯ ವಾಷಿಂಗ್ ಮೆಷಿನ್ನಿನ ರಬ್ಬರ್ ಒಳಗಿತ್ತು. ಈಗ ತುಂಬ ಬೆಳ್ಳಗಿದೆ.